ನಾಯಿಗೆ ಹಾಕಿದ್ದು ನಮ್ಮ ಮನೆಗೇ ಬರುತ್ತೆ

ಎತ್ತಿನ ಬಗ್ಗೆ ಬರೀತೀವಿ, ಕುರಿ, ಕೋಳಿ, ಜೇನಿನ ಬಗ್ಗೆ ಬರೀತೀವಿ. ಹೊಲ ಕಾಯೋ ನಾಯಿ ಬಗ್ಗೆ ಮಾತ್ರ ಯಾರೂ ಬರೆದಿದ್ದು ನಾನು ಕಾಣೆ. ನಮ್ಮ ಚಳ್ಳಕೆರೆ ಸೀಮೆ ಮಳೆ ಕಮ್ಮಿ ಬೀಳೋ ಜಾಗ. ಶೇಂಗಾ, ರಾಗಿ, ಸಜ್ಜೆ, ಹರಳು, ನೀರಿದ್ದವರಿಗೆ ಈರುಳ್ಳಿ. ಜೊತೆಗೆ ಕುರಿ. ಇಲ್ಲಿ ನಾಯಿ ಇಲ್ಲದ ಹಟ್ಟಿ ಇಲ್ಲ, ನಾಯಿ ಇಲ್ಲದ ರೊಪ್ಪ ಇಲ್ಲ. ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ ಹಂದಿ ಬರುತ್ತವೆ. ರಾತ್ರಿ ಎರಡು ಗಂಟೆಗೆ ಬದುವಿನ ಮೇಲೆ ನಿಂತು ಬೊಗಳೋದು ನಾಯಿಯೇ ಹೊರತು ನಾವಲ್ಲ.

ಇಷ್ಟು ದುಡಿಯೋ ಪ್ರಾಣಿಗೆ ನಾವು ಇಟ್ಟಿರೋ ಲೆಕ್ಕ ಏನು? ಉಳಿದ ಮುದ್ದೆ, ಕಲ್ಲಿನ ಏಟು, ಸತ್ತರೆ ಇನ್ನೊಂದು ಮರಿ. ಇದು ನಾಯಿಗೆ ಆಗೋ ಅನ್ಯಾಯ ಅನ್ನೋದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ನಾಯಿ ನಮ್ಮ ಅಂಗಳದಲ್ಲೇ ಮಲಗುತ್ತೆ, ನಮ್ಮ ಮಕ್ಕಳ ಕೈ ನೆಕ್ಕುತ್ತೆ, ಕುರಿ ಮೇಯೋ ಬಯಲಲ್ಲೇ ಹೇಲುತ್ತೆ. ಹಾಗಾಗಿ ಅದರ ಹೊಟ್ಟೆಗೆ ಹಾಕಿದ್ದು ಒಂದಲ್ಲ ಒಂದು ದಾರಿಯಲ್ಲಿ ನಮ್ಮ ಮನೆಗೇ ವಾಪಸು ಬರುತ್ತೆ. ಒಳ್ಳೇದು ಹಾಕಿದರೆ ಕಾವಲಾಗಿ ಬರುತ್ತೆ, ಕೆಟ್ಟದ್ದು ಹಾಕಿದರೆ ರೋಗವಾಗಿ ಬರುತ್ತೆ. ಮೂವತ್ತು ವರ್ಷದಿಂದ ನಾಯಿ ಸಾಕಿ, ಪಶುವೈದ್ಯರನ್ನು ಕೇಳಿ ತಿಳಿದು ನಾನು ನಡೆಸಿಕೊಂಡು ಬಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮುದ್ದೆ ಸಾಕೇ?

ನಾಯಿ ತೋಳದ ಜಾತಿ, ಅದಕ್ಕೆ ಮಾಂಸವೇ ಬೇಕು ಅನ್ನೋರು ಇದ್ದಾರೆ. ಅದು ಪೂರ್ತಿ ಸರಿಯಲ್ಲ. ಮನುಷ್ಯನ ಜೊತೆ ಸಾವಿರಾರು ವರ್ಷ ಬದುಕಿ ನಾಯಿ ಹಿಟ್ಟು ಅರಗಿಸೋದನ್ನು ಕಲಿತಿದೆ. ಸ್ವೀಡನ್ ದೇಶದ ವಿಜ್ಞಾನಿಗಳು 2013ರಲ್ಲಿ ಇದನ್ನು ತೋರಿಸಿಕೊಟ್ಟರು. ಹಿಟ್ಟು ಅರಗಿಸೋ ರಸ ತಯಾರಿಸುವ ಗುಣ ತೋಳಕ್ಕಿಂತ ನಾಯಿಯ ರಕ್ತದಲ್ಲಿ ಬಹಳ ಜಾಸ್ತಿ ಇದೆಯಂತೆ. ಹಾಗಾಗಿ ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ ನಾಯಿಗೆ ಹಾಕಬಹುದು. ಆದರೆ ಚೆನ್ನಾಗಿ ಬೆಂದಿರಬೇಕು. ಹಸಿಹಿಟ್ಟು ಕಲಸಿ ಹಾಕಿದರೆ ಅರಗಲ್ಲ, ಉಚ್ಚಾಟ ಆಗುತ್ತೆ.

ಮುದ್ದೆಯೊಂದೇ ಸಾಲದು. ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಮುದ್ದೆ ನೀರು ಮಾತ್ರ ಕಂಡ ನಾಯಿಯ ಕೂದಲು ನೋಡಿ, ಒರಟಾಗಿ ಸೀಳಿರುತ್ತೆ, ಬೆನ್ನು ಮೂಳೆ ಎದ್ದಿರುತ್ತೆ. ಮರಿಗಳಾದರೆ ಕಾಲು ಡೊಂಕಾಗುತ್ತವೆ. ಹಿಟ್ಟಿನ ಜೊತೆ ಮೈ ಕಟ್ಟೋ ಅಂಶ ಏನಾದರೂ ಸೇರಬೇಕು. ಅದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ನಮ್ಮ ಮನೆಯಲ್ಲಿ ಹಾಕೋದು ಹೀಗೆ:

ಬೆಳಿಗ್ಗೆ ಮುದ್ದೆ ಅಥವಾ ಅನ್ನಕ್ಕೆ ಮಜ್ಜಿಗೆ. ಹಾಲಿಗಿಂತ ಮಜ್ಜಿಗೆ ವಾಸಿ, ದೊಡ್ಡ ನಾಯಿಗಳಲ್ಲಿ ಸುಮಾರಿಗೆ ಹಾಲು ಅರಗಲ್ಲ, ಭೇದಿಯಾಗುತ್ತೆ. ಸಂಜೆ ಮುದ್ದೆಯ ಜೊತೆ ಹಿಸುಕಿದ ಬೆಂದ ಹುರುಳಿ ಅಥವಾ ಅಲಸಂದೆ. ವಾರದಲ್ಲಿ ಮೂರು ನಾಲ್ಕು ದಿನ ಒಂದು ಬೇಯಿಸಿದ ಮೊಟ್ಟೆ. ಕೋಳಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗೋ ತಲೆ, ಕಾಲು, ಈಲಿ ತಂದರೆ ಬೇಯಿಸಿ, ಮೂಳೆ ತೆಗೆದು, ಆ ನೀರಲ್ಲೇ ಮುದ್ದೆ ಕಲಸಿ ಹಾಕ್ತೀವಿ. ಕುಂಬಳಕಾಯಿ, ನುಗ್ಗೆಸೊಪ್ಪು, ಗಜ್ಜರಿ ಬೆಂದಿದ್ದರೆ ಅದೂ ಆಗುತ್ತೆ. ಉಪ್ಪು, ಖಾರ, ಹುಳಿ ಬೇಡ. ಸಾರು ಮಾಡೋಕೆ ಮುಂಚೆಯೇ ಬೆಂದ ಕಾಳಲ್ಲಿ ಒಂದು ಪಾಲು ನಾಯಿಗೆ ಅಂತ ತೆಗೆದಿಟ್ಟರೆ ಕೆಲಸ ಸಲೀಸು.

ಎಷ್ಟು ಹಾಕಬೇಕು ಅನ್ನೋದಕ್ಕೆ ಸೇರು ಪಾವಿನ ಲೆಕ್ಕಕ್ಕಿಂತ ಕೈ ಲೆಕ್ಕ ಒಳ್ಳೇದು. ಪಕ್ಕೆ ಮೇಲೆ ಕೈ ಆಡಿಸಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಕೈಗೇ ಸಿಗದಿದ್ದರೆ ಊಟ ಜಾಸ್ತಿಯಾಗಿದೆ, ದೂರದಿಂದಲೇ ಎಣಿಸೋ ಹಾಗಿದ್ದರೆ ಊಟ ಸಾಲದು ಅಥವಾ ಹೊಟ್ಟೆಯಲ್ಲಿ ಹುಳು ಇದೆ. ಮರಿಗೆ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಂದೇ ತಟ್ಟೆಯಲ್ಲಿ ಹಾಕಬೇಕು. ಹೊತ್ತಿಗೆ ಸರಿಯಾಗಿ ಊಟ ಸಿಗೋ ನಾಯಿ ಹಟ್ಟಿ ಹಟ್ಟಿ ಅಲೆಯೋದು ಕಡಿಮೆ, ಸತ್ತದ್ದಕ್ಕೆ ಬಾಯಿ ಹಾಕೋದೂ ಕಡಿಮೆ. ಕಾವಲು ನಾಯಿಗೆ ಇದೇ ಮೊದಲ ಪಾಠ.

ಊಟಕ್ಕಿಂತ ಮುಖ್ಯ ನೀರು. ನಾಯಿಗೆ ನಮ್ಮಂಗೆ ಮೈಯೆಲ್ಲ ಬೆವರಲ್ಲ. ನಾಲಿಗೆ ಚಾಚಿ ತೇಕಿಯೇ ಅದು ಮೈ ತಣ್ಣಗೆ ಮಾಡಿಕೊಳ್ಳಬೇಕು, ಅದಕ್ಕೆ ನೀರು ಖರ್ಚಾಗುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ ಸರಪಳಿ ಹಾಕಿ ಹೊಲಕ್ಕೆ ಹೋದರೆ ಸಂಜೆಗೆ ನಾಯಿ ಇರಲ್ಲ. ಬೇವಿನ ಮರದ ನೆರಳು, ಮಣ್ಣಿನ ಬಾನಿಯಲ್ಲಿ ನೀರು, ಇವೆರಡು ಬೇಕೇ ಬೇಕು. ಬಿಸಿಲು ಬಡಿದು ಜೊಲ್ಲು ಸುರಿಸುತ್ತಾ ತಟ್ಟಾಡಿದರೆ ನೆರಳಿಗೆ ತಂದು ಹೊಟ್ಟೆ, ತೊಡೆ ಸಂದು, ಪಾದಕ್ಕೆ ನೀರು ಹೊಯ್ದು ಗಾಳಿ ಬೀಸಬೇಕು. ಬಾಯಿಗೆ ಬಲವಂತವಾಗಿ ನೀರು ಹುಯ್ಯಬಾರದು, ಪುಪ್ಪುಸಕ್ಕೆ ಹೋಗುತ್ತೆ.

ಬೂಷ್ಟು ಶೇಂಗಾ, ಈರುಳ್ಳಿ, ಹರಳಿಂಡಿ

ಈ ಮೂರೂ ನಮ್ಮ ಹೊಲದ್ದೇ ಮಾಲು. ಮೂರೂ ನಾಯಿಗೆ ವಿಷ.

ಮಳೆಗೆ ನೆಂದ ಶೇಂಗಾ, ಬೂಷ್ಟು ಹಿಡಿದ ಮೆಕ್ಕೆಜೋಳ, ಕಪ್ಪಾದ ಹಿಂಡಿ ಮಾರಾಟಕ್ಕಾಗಲ್ಲ. ‘ನಾಯಿಗಾದರೂ ಆಗಲಿ’ ಅಂತ ಬೇಯಿಸಿ ಹಾಕೋರು ಇದ್ದಾರೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ. ಬೇಯಿಸಿದರೂ ಅದು ಹೋಗಲ್ಲ. ಇದನ್ನು ಲೋಕ ಮೊದಲು ಕಂಡಿದ್ದೇ ಶೇಂಗಾ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿ ಸತ್ತವು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಕಡೆಯ ಹಳ್ಳಿಗಳಲ್ಲಿ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ, ಹೊಟ್ಟೆ ಊದಿ ಸತ್ತರು. ಆ ಮನೆಗಳ ನಾಯಿಗಳೂ ಅದೇ ಊಟ ತಿಂದು ಅದೇ ಥರ ಸತ್ತವು. ನಾಯಿಯ ಈಲಿ ಈ ವಿಷಕ್ಕೆ ಬಹಳ ಬೇಗ ಸೋಲುತ್ತೆ. ಬೂಷ್ಟು ಕಾಳು ನಾಯಿಗೂ ಬೇಡ, ಎಮ್ಮೆಗೂ ಬೇಡ. ಎಮ್ಮೆಗೆ ಹಾಕಿದರೆ ಆ ವಿಷದ ಅಂಶ ಹಾಲಿಗೂ ಇಳಿಯುತ್ತೆ. ಅದನ್ನು ಸುಡಬೇಕು, ಇಲ್ಲ ಆಳವಾಗಿ ಹೂಳಬೇಕು.

ಈರುಳ್ಳಿ ನಾಯಿಯ ರಕ್ತದ ಕಣಗಳನ್ನೇ ಒಡೆಯುತ್ತೆ. ಹಸಿಯಾದರೂ ಒಂದೇ, ಬೆಂದರೂ ಒಂದೇ, ಒಣಗಿಸಿದರೂ ಒಂದೇ. ಬೆಳ್ಳುಳ್ಳಿಯೂ ಇದೇ ಜಾತಿ. 15 ಕಿಲೋ ತೂಗೋ ನಾಯಿಗೆ ಒಂದು ದೊಡ್ಡ ಗಡ್ಡೆ ಸಾಕು ಕೆಡುಕಿಗೆ. ತಿಂದ ದಿನ ಏನೂ ಕಾಣಲ್ಲ, ಎರಡು ಮೂರು ದಿನ ಬಿಟ್ಟು ಒಸಡು ಬಿಳುಚಾಗುತ್ತೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತೆ, ನಾಯಿ ಏಳಲ್ಲ. ಈರುಳ್ಳಿ ಕೊಯ್ಲಿನಲ್ಲಿ ಕೊಳೆತ ಗಡ್ಡೆ ರಾಶಿ ಬಿದ್ದಿರುತ್ತೆ. ಹಸಿದ ನಾಯಿ ಅದಕ್ಕೆ ಬಾಯಿ ಹಾಕುತ್ತೆ, ಹೊಟ್ಟೆ ತುಂಬಿದ ನಾಯಿ ಮೂಸಿ ಬಿಡುತ್ತೆ.

ಹರಳಿಂಡಿಯನ್ನು ನಾವು ಗೊಬ್ಬರಕ್ಕೆ ತರ್ತೀವಿ. ಎಣ್ಣೆ ವಾಸನೆಗೆ ನಾಯಿ ಅದನ್ನು ಆಸೆಪಟ್ಟು ತಿನ್ನುತ್ತೆ. ಸ್ವಲ್ಪ ತಿಂದರೂ ವಾಂತಿ, ರಕ್ತಭೇದಿ. ಪಕ್ಕದ ಹಟ್ಟಿಯವರೊಬ್ಬರು ತೆಂಗಿನ ಸಸಿ ಗುಂಡಿಗೆ ಹರಳಿಂಡಿ ಹಾಕಿ ಮೇಲೆ ಮಣ್ಣು ಎಳೆಯದೆ ಊಟಕ್ಕೆ ಹೋಗಿದ್ದರು. ಮಾರನೇ ದಿನಕ್ಕೆ ಎರಡು ನಾಯಿ ಇರಲಿಲ್ಲ. ಚೀಲ ಅಟ್ಟದ ಮೇಲಿರಲಿ, ಗುಂಡಿಗೆ ಹಾಕಿದ ಕೂಡಲೇ ಮಣ್ಣು ಮುಚ್ಚಿರಲಿ. ಬೀಜೋಪಚಾರ ಮಾಡಿ ಉಳಿದ ಶೇಂಗಾ, ಇಲಿ ಪಾಷಾಣ ಕಲಸಿದ ಉಂಡೆ, ಇವಕ್ಕೂ ಇದೇ ಮಾತು. ಹಂದಿಗೆ ಅಂತ ಸಿಡಿಮದ್ದು ಇಡೋದು ಕಾನೂನಿಗೆ ವಿರುದ್ಧ. ಅದಕ್ಕೆ ಮೊದಲು ಬಾಯಿ ಹಾಕೋದೂ ನಮ್ಮ ನಾಯಿಯೇ.

ಬೆಂದ ಕೋಳಿ ಮೂಳೆ ಸೀಳಿದರೆ ಸೂಜಿಯ ಹಾಗೆ ಚೂಪಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ಮಕ್ಕಳು ಪ್ರೀತಿಗೆ ಕೊಡ್ತಾರೆ, ಅವೂ ವಿಷವೇ. ನಮ್ಮ ತಲೆನೋವು ಮೈಕೈನೋವಿನ ಮಾತ್ರೆಯನ್ನು ನಾಯಿಗೆ ಹಾಕಬಾರದು, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ವಾಂತಿ ಮಾಡುತ್ತೆ.

ಹಬ್ಬದ ದಿನ ಎಸೆಯೋ ಈಲಿ, ಪುಪ್ಪುಸ, ತಲೆ

ಮಾರಿಹಬ್ಬದ ದಿನ ಊರಲ್ಲಿ ಹತ್ತಾರು ಕುರಿ ಕಡೀತೀವಿ. ಈಲಿಯಲ್ಲೋ ಪುಪ್ಪುಸದಲ್ಲೋ ನೀರು ತುಂಬಿದ ಬಿಳಿ ಗುಳ್ಳೆ ಕಂಡರೆ ‘ಇದು ಕೆಟ್ಟಿದೆ’ ಅಂತ ಕುಯ್ದು ಬಿಸಾಕ್ತೀವಿ. ಹಿಂದೆಯೇ ನಾಯಿ ಕಾದಿರುತ್ತೆ, ಗಬಕ್ಕನೆ ನುಂಗುತ್ತೆ. ನಮ್ಮ ಸೀಮೆಯಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಆ ನೀರುಗುಳ್ಳೆಯೊಳಗೆ ಲಾಡಿಹುಳುವಿನ ಕಣ್ಣಿಗೆ ಕಾಣದ ಮರಿಗಳು ಸಾವಿರಗಟ್ಟಲೆ ಇರುತ್ತವೆ. ನಾಯಿ ನುಂಗಿದ ಮೇಲೆ ಆರೇಳು ವಾರದಲ್ಲಿ ಅವು ಅದರ ಕರುಳಲ್ಲಿ ಬೆಳೆದು ಮೊಟ್ಟೆ ಇಡುತ್ತವೆ. ಹುಳು ಅಕ್ಕಿಕಾಳಿಗಿಂತ ಚಿಕ್ಕದು, ನಾಯಿ ನೋಡೋಕೆ ಗಟ್ಟಿಮುಟ್ಟಾಗೇ ಇರುತ್ತೆ. ಮೊಟ್ಟೆಗಳು ಹೇಲಿನ ಜೊತೆ ಬಿದ್ದು ಹುಲ್ಲಿಗೆ, ನೀರಿಗೆ, ಸೊಪ್ಪಿಗೆ ಸೇರುತ್ತವೆ. ನಾಯಿಯ ಕೂದಲಿಗೂ ಅಂಟಿರುತ್ತವೆ. ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ ಹೋದರೆ ಮತ್ತೆ ನೀರುಗುಳ್ಳೆ. ನಾಯಿ ಸವರಿ ಕೈ ತೊಳೆಯದೆ ತಿಂದ ಮಗುವಿನ ಹೊಟ್ಟೆಗೆ ಹೋದರೆ ಆ ಮಗುವಿನ ಈಲಿಯಲ್ಲಿ, ಪುಪ್ಪುಸದಲ್ಲಿ ನೀರುಗುಳ್ಳೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. ನಮ್ಮ ಸಂಬಂಧಿಕರ ಹೆಣ್ಣುಮಗಳೊಬ್ಬಳಿಗೆ ಪಕ್ಕೆನೋವು ಅಂತ ಎಷ್ಟೋ ದಿನ ಗ್ಯಾಸಿನ ಮಾತ್ರೆ ನುಂಗಿಸಿದರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಈಲಿಯಲ್ಲಿ ತೆಂಗಿನಕಾಯಿ ಗಾತ್ರದ ಗುಳ್ಳೆ. ಆಪರೇಷನ್ ಖರ್ಚಿಗೆ ಇದ್ದ ಕುರಿಯಲ್ಲಿ ಅರ್ಧ ಮಾರಿದರು. ಆ ಮನೆಯವರು ಕುರಿ ಸಾಕೋರು, ಮೂರು ನಾಯಿ ಇದ್ದವು, ಒಂದಕ್ಕೂ ಜಂತಿನ ಮಾತ್ರೆ ಹಾಕಿರಲಿಲ್ಲ.

ಇನ್ನೊಂದು ಲಾಡಿಹುಳು ಇದೆ. ಕುರಿಯ ತಲೆ ಒಂದು ಕಡೆ ವಾಲಿಸಿ ಗಾಣದೆತ್ತಿನ ಹಾಗೆ ಸುತ್ತೋದನ್ನು ನೀವು ನೋಡಿರುತ್ತೀರಿ. ಗಾಳಿ ಬಡೀತು, ದೆವ್ವ ಮೆಟ್ಟಿತು ಅಂತ ಬೂದಿ ಹಾಕಿಸ್ತಾರೆ. ಹೀಗೆ ಸುತ್ತೋ ಕುರಿಗಳಲ್ಲಿ ಸುಮಾರಿಗೆ ಮೆದುಳಲ್ಲಿ ನೀರುಗುಳ್ಳೆ ಬೆಳೆದಿರುತ್ತೆ. ಅಂಥ ಕುರಿ ಸತ್ತ ಮೇಲೆ ತಲೆಯನ್ನು ನಾಯಿಗೆ ಎಸೆದರೆ ಮೆದುಳಿನ ಗುಳ್ಳೆ ನಾಯಿಯ ಕರುಳಲ್ಲಿ ಉದ್ದದ ಲಾಡಿಹುಳು ಆಗುತ್ತೆ, ಅದರ ಮೊಟ್ಟೆ ಮತ್ತೆ ಹುಲ್ಲಿಗೆ, ಹುಲ್ಲಿಂದ ಮತ್ತೊಂದು ಮರಿಯ ಮೆದುಳಿಗೆ. ಒಂದು ತಲೆ ಎಸೆದು ಮುಂದೆ ನಾಲ್ಕು ಮರಿ ಕಳಕೊಳ್ಳೋ ವ್ಯಾಪಾರ ಇದು.

ಈ ಸರಪಳಿ ಕಡಿಯೋದು ಸುಲಭ. ಕುಯ್ದ ದಿನ ನಾಯಿಗಳನ್ನು ಕಟ್ಟಿ ಹಾಕಿ. ಗುಳ್ಳೆ ಇರೋ ಈಲಿ, ಪುಪ್ಪುಸ, ಸತ್ತ ಕುರಿಯ ತಲೆ, ಇವನ್ನು ಎರಡು ಮೊಳ ಆಳ ಹೂತು ಮೇಲೆ ಕಲ್ಲು ಹೇರಿ. ಗುಳ್ಳೆ ಇಲ್ಲದಿದ್ದರೂ ಹಸಿ ಕರುಳು, ಈಲಿ ಹಾಕಬೇಡಿ. ಚೂರು ಮಾಡಿ ಮುಕ್ಕಾಲು ಗಂಟೆ ಕುದಿಸಿದರೆ ಅದೇ ಒಳ್ಳೇ ಊಟ. ಸತ್ತ ಕುರಿಯನ್ನು ಹಳ್ಳಕ್ಕೆ ಎಳೆದು ಬರೋದನ್ನು ಇಡೀ ಊರು ನಿಲ್ಲಿಸಬೇಕು.

ಜಂತಿನ ಮಾತ್ರೆ

ಮರಿಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ದುಂಡುಹುಳು ಹತ್ತಿಸಿಕೊಂಡು ಹುಟ್ಟುತ್ತವೆ. ಮೈ ಬಡಕಲು, ಹೊಟ್ಟೆ ಮಾತ್ರ ಮಡಕೆಯ ಹಾಗೆ ಇರೋ ಮರಿ ಕಂಡರೆ ಅದು ಹುಳುವೇ. ಹುಟ್ಟಿ ಎರಡು ಮೂರು ವಾರಕ್ಕೆ ಮೊದಲ ಔಷಧಿ, ಆಮೇಲೆ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ.

ಕುರಿಗೆ ಕುಡಿಸಿ ಉಳಿದ ಔಷಧಿಯನ್ನೇ ನಾಯಿಗೂ ಎರಡು ಮುಚ್ಚಳ ಹುಯ್ಯೋ ಅಭ್ಯಾಸ ಬಿಡಬೇಕು. ಮೇಲೆ ಹೇಳಿದ ಲಾಡಿಹುಳುವಿಗೆ ಅದು ಸಾಲದು. ಪ್ರಾಜಿಕ್ವಾಂಟೆಲ್ ಅನ್ನೋ ಔಷಧಿ ಸೇರಿರೋ, ನಾಯಿಗೆ ಅಂತಲೇ ಬರೋ ಮಾತ್ರೆ ಕೇಳಿ ತನ್ನಿ. ಸಾಮಾನ್ಯವಾಗಿ 10 ಕಿಲೋ ತೂಕಕ್ಕೆ ಒಂದು ಮಾತ್ರೆ ಅಂತ ಇರುತ್ತೆ, ಚೀಟಿ ಓದಿ ಹಾಕಿ. ತೂಕ ಹಿಡಿಯೋದು ಕಷ್ಟವಲ್ಲ. ಚೀಲ ತೂಗೋ ಯಂತ್ರದ ಮೇಲೆ ನಾಯಿ ಎತ್ತಿಕೊಂಡು ನಿಲ್ಲಿ, ಆಮೇಲೆ ಒಬ್ಬರೇ ನಿಲ್ಲಿ, ಕಳೆದರೆ ನಾಯಿ ತೂಕ. ಮಾತ್ರೆಯನ್ನು ಬೆಂದ ಮೊಟ್ಟೆಯೊಳಗೆ ಸಿಕ್ಕಿಸಿ ಕೊಟ್ಟರೆ ತಕರಾರಿಲ್ಲ. ಕುರಿ ಹಿಂಡಿನ ಜೊತೆ ತಿರುಗೋ ನಾಯಿಗೆ, ಹಸಿ ಮಾಂಸಕ್ಕೆ ಬಾಯಿ ಹಾಕೋ ನಾಯಿಗೆ ಈ ಮಾತ್ರೆ ಆರು ವಾರಕ್ಕೊಮ್ಮೆ ಹಾಕಬೇಕಾಗುತ್ತೆ. ಹಾಕಿದ ಮೇಲೆ ಎರಡು ದಿನ ಕಟ್ಟಿಹಾಕಿ, ಹೇಲು ಗುಂಡಿಗೆ ಹಾಕಿ ಮುಚ್ಚಿ. ಆಗ ಬಿದ್ದ ಮೊಟ್ಟೆ ಬಯಲಿಗೆ ಸೇರಲ್ಲ.

ಸೂಜಿ ತಪ್ಪಿಸಬಾರದು

ಹುಚ್ಚುನಾಯಿ ರೋಗ ಅಂದರೆ ರೇಬೀಸ್. ಕಾಣಿಸಿಕೊಂಡ ಮೇಲೆ ನಾಯಿಗೂ ಮದ್ದಿಲ್ಲ, ಮನುಷ್ಯನಿಗೂ ಇಲ್ಲ ಅಂತಲೇ ತಿಳಿಯಬೇಕು. ಬರದ ಹಾಗೆ ತಡೆಯೋಕೆ ಮಾತ್ರ ನೂರಕ್ಕೆ ನೂರು ದಾರಿ ಇದೆ. ಮರಿಗೆ ಮೂರು ತಿಂಗಳಿಗೆ ಮೊದಲ ಸೂಜಿ, ಒಂದು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕೋದುಂಟು, ವಿಚಾರಿಸಿ. ಔಷಧಿ ಅಂಗಡಿಯಿಂದ ಲಸಿಕೆ ತರೋದಾದರೆ ಐಸ್ ಹಾಕಿದ ಥರ್ಮಾಸಿನಲ್ಲಿ ತನ್ನಿ. ಬಿಸಿಲಲ್ಲಿ ಜೇಬಲ್ಲಿಟ್ಟು ತಂದ ಲಸಿಕೆ ಬರೀ ನೀರು.

ಈ ರೋಗದಲ್ಲಿ ಎಲ್ಲಾ ನಾಯಿಯೂ ಅಟ್ಟಿಸಿಕೊಂಡು ಕಚ್ಚಲ್ಲ. ಕೆಲವು ಮೂಲೆ ಸೇರಿ, ಕೆಳದವಡೆ ಜೋತುಬಿಟ್ಟು, ಜೊಲ್ಲು ಸುರಿಸುತ್ತಾ ಸುಮ್ಮನೆ ಮಲಗುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಿದರೆ ಅಲ್ಲಿಗೆ ಮುಗೀತು. ಹುಚ್ಚುನಾಯಿ ಕಚ್ಚಿದ ಎಮ್ಮೆ, ದನವೂ ಹೀಗೇ ಜೊಲ್ಲು ಸುರಿಸುತ್ತಾ ವಿಕಾರವಾಗಿ ಕೂಗುತ್ತವೆ. ಅವಕ್ಕೂ ಬಾಯಿಗೆ ಕೈ ಹಾಕಬೇಡಿ, ಡಾಕ್ಟರನ್ನು ಕರೆಸಿ. ಅಂಥ ಎಮ್ಮೆಯ ಹಾಲು ಕುಡಿಯಬೇಡಿ.

ಯಾವ ನಾಯಿ ಕಚ್ಚಲಿ, ನಮ್ಮ ಮನೆ ಮರಿಯೇ ಪರಚಲಿ, ಮೊದಲ ಕೆಲಸ ಸೋಪು ಹಾಕಿ ಸುರಿಯೋ ನೀರಲ್ಲಿ ಹದಿನೈದು ನಿಮಿಷ ಗಾಯ ತೊಳೆಯೋದು. ಖಾರದಪುಡಿ, ಸುಣ್ಣ, ಎಕ್ಕದ ಹಾಲು ಏನೂ ಮೆತ್ತಬಾರದು. ತೊಳೆದ ಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಮ್ಮ ವಯಸ್ಸಿನವರಿಗೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಅನ್ನೋ ಹೆದರಿಕೆ ಇನ್ನೂ ಹೋಗಿಲ್ಲ. ಆ ಹಳೇ ಲಸಿಕೆ 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿಗೆ ಹಾಕ್ತಾರೆ. ಮೊದಲ ಸೂಜಿ ಹಾಕಿದ ದಿನ, ಅದರಿಂದ 3, 7, 14, 28ನೇ ದಿನ. ಚರ್ಮದೊಳಗೆ ಹಾಕೋ ಕ್ರಮದಲ್ಲಿ 14ನೇ ದಿನದ್ದು ಇರಲ್ಲ. ರಕ್ತ ಬರೋ ಗಾಯವಾದರೆ ಗಾಯದ ಸುತ್ತ ಇನ್ನೊಂದು ಔಷಧಿಯೂ ಬೇಕಾಗುತ್ತೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ನಾಯಿ ನಮ್ಮದೇ ಆದರೆ ಹತ್ತು ದಿನ ಕಟ್ಟಿಹಾಕಿ ನೋಡಬೇಕು, ಹೊಡೆದು ಕೊಲ್ಲಬಾರದು. ನೋಡೋಣ ಅಂತ ಸೂಜಿ ಮುಂದಕ್ಕೆ ಹಾಕಬಾರದು. ಹುಚ್ಚು ಹಿಡಿದಿರಬಹುದು ಅನ್ನೋ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮಕ್ಕಳು ಬೈತಾರೆ ಅಂತ ಹೇಳೋದೇ ಇಲ್ಲ. ‘ನಾಯಿ ಕಚ್ಚಿದರೆ ಬಂದು ಹೇಳು, ಹೊಡೆಯಲ್ಲ’ ಅಂತ ಮೊದಲೇ ಹೇಳಿಡಿ.

ಮರಿಗಳನ್ನು ಮೂರು ನಾಲ್ಕು ದಿನದಲ್ಲಿ ಒಯ್ಯೋದು ಪಾರ್ವೋ ರೋಗ. ವಾಂತಿ, ನಾರುವ ರಕ್ತಭೇದಿ, ನೀರೂ ನಿಲ್ಲಲ್ಲ. ಕೂಡಲೇ ಡ್ರಿಪ್ ಹಾಕಿಸಿದರೆ ಉಳಿಯುವುದುಂಟು. ಇದಕ್ಕೂ ಡಿಸ್ಟೆಂಪರಿಗೂ ಸೇರಿ ಒಂದೇ ಲಸಿಕೆ ಇದೆ. ಆರೆಂಟು ವಾರಕ್ಕೆ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳವರೆಗೆ. ಪಾರ್ವೋ ಬಂದು ಮರಿ ಸತ್ತ ಜಾಗದ ಮಣ್ಣಲ್ಲಿ ಆ ವಿಷಾಣು ತಿಂಗಳುಗಟ್ಟಲೆ ಇರುತ್ತೆ. ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆದರೂ ಅಲ್ಲಿಗೆ ಲಸಿಕೆಯಾಗದ ಹೊಸ ಮರಿ ತರಬೇಡಿ.

ಉಣುಗು

ನಾಯಿ ಉಣುಗು ಬರೀ ನಾಯಿ ಮೈಮೇಲಿರಲ್ಲ. ರಕ್ತ ಕುಡಿದು ಉದುರಿ ಗೋಡೆ ಬಿರುಕಲ್ಲಿ, ಕಲ್ಲು ಸಂದಿಯಲ್ಲಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಮೈಗೆ ಮಾತ್ರ ಔಷಧಿ ಹಚ್ಚಿ ಗೋಡೆ ಬಿಟ್ಟರೆ ತಿಂಗಳಿಗೆ ಮತ್ತೆ ಅಷ್ಟೇ. ಮಲಗೋ ಜಾಗದ ಬಿರುಕು ಮೆತ್ತಿ ಸುಣ್ಣ ಬಳಿಯಿರಿ, ಹಾಸಿದ ಗೋಣಿ ಬಿಸಿನೀರಲ್ಲಿ ಕುದಿಸಿ. ದನಕ್ಕೆ ಹಚ್ಚೋ ಉಣುಗಿನ ಔಷಧಿಯನ್ನು ಅಂದಾಜಿಗೆ ನಾಯಿಗೆ ಬಳಿಯಬೇಡಿ, ಎಷ್ಟು ನೀರಿಗೆ ಎಷ್ಟು ಅಂತ ಪಶುವೈದ್ಯರನ್ನೇ ಕೇಳಿ. ಮೈ ಒಣಗೋವರೆಗೆ ನೆಕ್ಕದ ಹಾಗೆ ಬಾಯಿ ಕಟ್ಟಿ, ನೆರಳಲ್ಲಿಡಿ. ಬೆಳೆಗೆ ಹೊಡೆಯೋ ಕೀಟನಾಶಕವಂತೂ ಬೇಡವೇ ಬೇಡ. ಉಣುಗು ಬಂದ ನಾಯಿ ಜ್ವರ ಬಂದು ಮಂಕಾಗಿ, ಊಟ ಬಿಟ್ಟು, ಮೂಗಲ್ಲಿ ರಕ್ತ ಬಂದರೆ ಅದು ಉಣುಗು ಹತ್ತಿಸಿದ ರಕ್ತದ ರೋಗ ಇರಬಹುದು. ಬೇಗ ತೋರಿಸಿದರೆ ಮಾತ್ರೆಯಲ್ಲೇ ವಾಸಿಯಾಗುತ್ತೆ. ಮೂರು ನಾಲ್ಕು ವಾರ ಪೂರ್ತಿ ನುಂಗಿಸಬೇಕು, ಚೇತರಿಸಿತು ಅಂತ ಅರ್ಧಕ್ಕೆ ಬಿಡಬಾರದು.

ಕಲಿಸೋದು

ದುಡ್ಡು ಕೊಟ್ಟು ಪೇಟೆಯಿಂದ ದೊಡ್ಡ ಕೂದಲಿನ ಪರದೇಶದ ಮರಿ ತರೋ ಹುಚ್ಚು ಹಳ್ಳಿಗೂ ಬಂದಿದೆ. ನಮ್ಮ ಬಿಸಿಲಿಗೆ ಅವು ತಡೆಯಲ್ಲ. ಊರ ನಾಯಿಯ ಮರಿಯೇ ಕಾವಲಿಗೆ ಸಾಕು. ಬೇಟೆ ನಾಯಿಯ ತಳಿ ಬೇಕೇ ಬೇಕು ಅನ್ನೋರಿಗೆ ನಮ್ಮದೇ ಮುಧೋಳ ಇದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಕೇಂದ್ರವೇ ಇದೆ. ಆದರೆ ಮುಧೋಳಕ್ಕೆ ಓಡೋ ಚಟ, ಕುರಿ ಕಾಯೋ ಗುಣಕ್ಕೂ ಅದಕ್ಕೂ ದೂರ. ಯಾವುದೇ ಆಗಲಿ, ಎಂಟು ವಾರ ತುಂಬೋ ಮುಂಚೆ ತಾಯಿಯಿಂದ ಬಿಡಿಸಬೇಡಿ. ಬೇಗ ಬಿಡಿಸಿದ ಮರಿಗೆ ಮೆಲ್ಲಗೆ ಕಚ್ಚೋದು ಯಾವುದು, ಜೋರಾಗಿ ಕಚ್ಚೋದು ಯಾವುದು ಗೊತ್ತಿರಲ್ಲ.

ಮೂರೂವರೆ ತಿಂಗಳೊಳಗೆ ನೋಡಿದ್ದೆಲ್ಲಾ ನಾಯಿಗೆ ತನ್ನದು. ಆ ವಯಸ್ಸಲ್ಲಿ ಮರಿಯನ್ನು ಕುರಿಮರಿಗಳ ಜೊತೆ ರೊಪ್ಪದಲ್ಲಿ ಬಿಡಿ, ಕೋಳಿ ಓಡಾಡೋ ಕಡೆ ಕಟ್ಟಿ, ಮಕ್ಕಳು ಮುಟ್ಟಲಿ, ಟ್ರ್ಯಾಕ್ಟರ್ ಸದ್ದು ಕೇಳಲಿ. ಒಂದು ವರ್ಷದ ನಾಯಿಗೆ ‘ಕೋಳಿ ಹಿಡೀಬೇಡ’ ಅಂತ ಹೊಡೆಯೋದಕ್ಕಿಂತ ಎರಡು ತಿಂಗಳ ಮರಿಗೆ ಕೋಳಿ ತೋರಿಸೋದು ಸಲೀಸು. ಅಟ್ಟಿಸಿಕೊಂಡು ಹೋದರೆ ಎರಡು ಮಾರು ಹಗ್ಗ ಕಟ್ಟಿ ಹಿಡಿಯಿರಿ. ಕೋಳಿ ಬಿಟ್ಟು ನಿಮ್ಮ ಕಡೆ ತಿರುಗಿದ ಕೂಡಲೇ ಒಂದು ಚೂರು ರೊಟ್ಟಿ ಕೊಡಿ. ಹತ್ತು ದಿನದಲ್ಲಿ ಅರ್ಥ ಆಗುತ್ತೆ.

ಹೆಸರು ಚಿಕ್ಕದಿರಲಿ. ‘ಬಾ’ ಅಂದರೆ ಬರಬೇಕು, ಇದೊಂದು ಬಂದರೆ ಅರ್ಧ ವಿದ್ಯೆ ಬಂದ ಹಾಗೆ. ತಡವಾಗಿ ಬಂತು ಅಂತ ಹೊಡೆದರೆ, ಬಂದಿದ್ದಕ್ಕೇ ಏಟು ಬಿತ್ತು ಅಂತ ತಿಳಿದು ಮುಂದೆ ಬರೋದೇ ಇಲ್ಲ. ಎಷ್ಟು ತಡವಾಗಿ ಬಂದರೂ ತಲೆ ಸವರಿ. ದಿನಕ್ಕೆ ಐದು ನಿಮಿಷ, ಊಟಕ್ಕೆ ಮುಂಚೆ ಕಲಿಸಿದರೆ ಸಾಕು. ಮನೆಯಲ್ಲಿ ಎಲ್ಲರೂ ಒಂದೇ ಮಾತು ಬಳಸಬೇಕು. ಅಪ್ಪ ‘ಬಾ’ ಅಂದು, ಮಗ ‘ಕಮ್’ ಅಂದರೆ ನಾಯಿ ಯಾರ ಮಾತು ಕೇಳಬೇಕು?

ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿದ ನಾಯಿ ಕಾವಲು ನಾಯಿಯಾಗಲ್ಲ, ಕಚ್ಚೋ ನಾಯಿಯಾಗುತ್ತೆ. ನಮಗೆ ಬೇಕಿರೋದು ಬೊಗಳೋ ನಾಯಿ. ಬೊಗಳಿ ನಮ್ಮನ್ನು ಎಬ್ಬಿಸಿದರೆ ಅದರ ಕೆಲಸ ಆಯಿತು. ಹಂದಿ, ಮೊಲದ ಬೇಟೆಗೆ ನಾಯಿ ಬಿಡೋದು 1972ರ ವನ್ಯಜೀವಿ ಕಾನೂನಿನಲ್ಲಿ ಅಪರಾಧ. ಹಂದಿ ಕೋರೆಗೆ ಹೊಟ್ಟೆ ಸೀಳಿಸಿಕೊಳ್ಳೋದೂ ನಾಯಿಯೇ. ಗುಡ್ಡದ ಪಕ್ಕ ಚಿರತೆ ಓಡಾಡೋ ಕಡೆ ರಾತ್ರಿ ನಾಯಿಯನ್ನು ಬಯಲಲ್ಲಿ ಕಟ್ಟಬೇಡಿ, ಅದು ಚಿರತೆಯನ್ನು ಊಟಕ್ಕೆ ಕರೆದ ಹಾಗೆ. ರೊಪ್ಪದ ಒಳಗೆ ಬಿಡಿ, ಕೊರಳಿಗೆ ಹಿಂದಿನವರ ಹಾಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕಿ.

ಎಷ್ಟು ಸಾಕಬೇಕು?

ಸೂಜಿ, ಮಾತ್ರೆ ಎಷ್ಟಕ್ಕೆ ಆಗುತ್ತೋ ಅಷ್ಟೇ. ನನ್ನ ಮಟ್ಟಿಗೆ ಎರಡು. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ, ಎರಡು ತಿಂಗಳಿಗೆ ಈಯುತ್ತೆ, ಒಂದು ಸಲಕ್ಕೆ ಐದಾರು ಮರಿ. ಆ ಮರಿಗಳನ್ನು ಚೀಲದಲ್ಲಿ ಕಟ್ಟಿ ಪಕ್ಕದೂರಿನ ಸಂತೆಯಲ್ಲಿ ಬಿಟ್ಟು ಬಂದರೆ ಅವೇ ನಾಳೆ ಲಸಿಕೆ ಕಾಣದ ಬೀದಿ ನಾಯಿಗಳು, ಅವೇ ನಮ್ಮ ಮರಿ ಮೇಕೆ ಹಿಡಿಯೋ ಗುಂಪು. ಸಂತಾನ ನಿಲ್ಲಿಸೋ ಆಪರೇಷನ್ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗುತ್ತಾ ಅಂತ ಕೇಳಿ, ಮಾಡಿಸಿಬಿಡಿ. ಆಪರೇಷನ್ ಆದ ನಾಯಿ ಕಾವಲು ಬಿಡಲ್ಲ, ಅಲೆಯೋದು ಬಿಡುತ್ತೆ.

ಗೋಡೆಗೆ ಬರೆದಿಡಿ

ಯುಗಾದಿಗೆ: ಜಂತಿನ ಮಾತ್ರೆ, ನೆರಳು, ನೀರಿನ ಬಾನಿ, ಗೋಡೆ ಬಿರುಕಿಗೆ ಸುಣ್ಣ.
ಬಿತ್ತನೆಗೆ ಮುಂಚೆ: ಜಂತಿನ ಮಾತ್ರೆ. ಬೀಜದ ಔಷಧಿ, ಹರಳಿಂಡಿ ಚೀಲ ಎತ್ತಿಡೋದು.
ಸೆಪ್ಟೆಂಬರಿಗೆ: ರೇಬೀಸ್ ಸೂಜಿ, ಜಂತಿನ ಮಾತ್ರೆ, ಉಣುಗು ನೋಡೋದು.
ಶೇಂಗಾ, ಈರುಳ್ಳಿ ಕೊಯ್ಲಿಗೆ: ಬೂಷ್ಟು ಕಾಯಿ, ಕೊಳೆತ ಗಡ್ಡೆ ಗುಂಡಿಗೆ. ಕೊಯ್ಲು ಮುಗಿದ ಮೇಲೆ ಜಂತಿನ ಮಾತ್ರೆ.
ಹಬ್ಬ, ಜಾತ್ರೆ ದಿನ: ನಾಯಿ ಕಟ್ಟೋದು, ಹಸಿ ಈಲಿ ಕರುಳು ಹೂಳೋದು.
ಹಿಂಡಿನ ನಾಯಿಗೆ: ಲಾಡಿಹುಳುವಿನ ಮಾತ್ರೆ ಆರು ವಾರಕ್ಕೊಮ್ಮೆ, ಬೇರೆಯಾಗಿ.

ಒಂದು ಕುರಿಮರಿ ಮಾರಿದ ದುಡ್ಡಲ್ಲಿ ಎರಡು ನಾಯಿಯ ವರ್ಷದ ಔಷಧಿ ಆಗಿ ಮಿಗುತ್ತೆ. ಈ ಹಬ್ಬಕ್ಕೆ ಗುಳ್ಳೆ ಬಂದ ಈಲಿ ಹೂಳೋಕೆ ಒಂದು ಗುಂಡಿ ತೋಡಿ, ಪಕ್ಕದ ಮನೆಯವರಿಗೂ ಹೇಳಿ. ಒಬ್ಬರ ಹಟ್ಟಿಯಲ್ಲಿ ಮಾಡಿದರೆ ಸಾಲದು, ನಾಯಿಗೂ ಕುರಿಗೂ ಬೇಲಿ ಗೊತ್ತಿಲ್ಲ. ನಿಮ್ಮ ಕಡೆ ಹಿಂಡಿನ ನಾಯಿಗೆ ಏನು ಹಾಕ್ತೀರಿ, ಹೆಂಗೆ ಕಲಿಸ್ತೀರಿ ಅಂತ ನೀವೂ ಬರೆಯಿರಿ.